ಬದುಕಿರುವಾಗಲೇ ಒಳಗೆ ನೋಡುವುದು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ವಿಜ್ಞಾನದ ಬಗ್ಗೆ ಅರ್ಧ ತಾಸು ಮಾತಾಡಬೇಕೆಂದು ಸಂಘಟಕರು ಹೇಳಿದರು. ಸಾಫ್ಟ್‌ವೇರ್ ಇಂಜಿನಿಯರ್ ಬಂದಿದ್ದಾನೆ ಅಂದ ಮೇಲೆ ಮೊಬೈಲು, ಇಂಟರ್ನೆಟ್ಟು, ನೌಕರಿ ಇವುಗಳ ಬಗ್ಗೆ ಹೇಳುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ನಾನು ಆರಿಸಿಕೊಂಡ ವಿಷಯ ಬೇರೆ. ಪ್ರಯೋಗಶಾಲೆಯ ಇಲಿ, ನಾಯಿಗಳ ಹೊಟ್ಟೆಯೊಳಗೆ ಎಂಡೋಸ್ಕೋಪಿ ಮಾಡಿ ಹೊಟ್ಟೆಯ ಕ್ಯಾನ್ಸರನ್ನು ಹೇಗೆ ಅಧ್ಯಯನ ಮಾಡಿದರು, ಅದರಿಂದ ನಮಗೇನು ಸಿಕ್ಕಿತು ಎಂಬುದು ಇವತ್ತಿನ ಮಾತು. ನಾನು ಡಾಕ್ಟರ್ ಅಲ್ಲ. ಎಂಡೋಸ್ಕೋಪಿಯಲ್ಲಿ ಬರುವ ಚಿತ್ರಗಳನ್ನು ಕಂಪ್ಯೂಟರಿಗೆ ಗುರುತಿಸಲು ಕಲಿಸುವ ತಂಡದಲ್ಲಿ ಪ್ರೋಗ್ರಾಂ ಬರೆಯುವವನು. ಆ ಚಿತ್ರಗಳು ಎಲ್ಲಿಂದ ಬಂದವು, ಅವುಗಳನ್ನು ಓದುವುದನ್ನು ಮನುಷ್ಯ ಮೊದಲು ಹೇಗೆ ಕಲಿತ ಎಂದು ಹುಡುಕುತ್ತ ಹೋದಾಗ ಈ ಕಥೆ ಸಿಕ್ಕಿತು.

ಈ ವಿಷಯವನ್ನು ಇಲ್ಲಿ ಹೇಳಲು ಕಾರಣವಿದೆ. ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಯಾರಿಗಾದರೂ ಹೊಟ್ಟೆನೋವು ಬಂದರೆ ಮೊದಲ ಮಾತು ಏನು? "ಏನಿಲ್ರಿ, ಜರಾ ಗ್ಯಾಸ್ ಆಗ್ಯಾದ." ಒಂದು ಸೋಡಾ, ಒಂದು ಗುಳಿಗೆ, ಎರಡು ದಿನ ಮಜ್ಜಿಗೆ ಅನ್ನ. ನೂರಕ್ಕೆ ತೊಂಬತ್ತು ಸಲ ಅದು ಗ್ಯಾಸೇ ಆಗಿರುತ್ತದೆ, ಹೋಗಿಯೂ ಬಿಡುತ್ತದೆ. ಆದರೆ ಡಾಕ್ಟರು "ಒಮ್ಮೆ ಎಂಡೋಸ್ಕೋಪಿ ಮಾಡಿಸಿರಿ" ಅಂದ ಕೂಡಲೇ ರೋಗಿ ಆ ದವಾಖಾನೆಗೆ ಮತ್ತೆ ಕಾಲಿಡುವುದಿಲ್ಲ. "ಪೈಪ್ ನುಂಗೋದು ನನ್ನ ಕೈಲಿ ಆಗಂಗಿಲ್ಲ" ಅನ್ನುತ್ತಾರೆ. ನಮ್ಮ ದೊಡ್ಡಪ್ಪ ಕಲ್ಲಿನ ಗಣಿಯಲ್ಲಿ ದುಡಿದ ಗಟ್ಟಿ ಆಳು. ಊಟ ಸೇರುತ್ತಿಲ್ಲ ಎಂದು ಎಂಟು ತಿಂಗಳು ಗುಳಿಗೆ ನುಂಗಿದರು, ಪೈಪ್ ನುಂಗಲಿಲ್ಲ. ಕೊನೆಗೆ ನುಂಗಿದಾಗ ಒಳಗಿದ್ದದ್ದು ಕ್ಯಾನ್ಸರ್, ಅದೂ ಹೊಟ್ಟೆಯ ಗೋಡೆಯನ್ನು ದಾಟಿದ್ದು. ಆ ಮೇಲೆ ಯಾವ ದೊಡ್ಡ ಊರಿನ ಯಾವ ಡಾಕ್ಟರೂ ಹೆಚ್ಚೇನೂ ಮಾಡುವಂತಿರಲಿಲ್ಲ.

ಹೊಟ್ಟೆಯ ಕ್ಯಾನ್ಸರಿನ ಮೋಸವೇ ಇದು. ಹೊಟ್ಟೆ ಅಂದರೆ ಹಿಗ್ಗುವ ಚೀಲ. ಬಾಯಿಯಲ್ಲಿ ಜೋಳದ ಕಾಳಿನಷ್ಟು ಗಂಟು ಎದ್ದರೆ ನಾಲಿಗೆಗೆ ತಿಳಿಯುತ್ತದೆ. ಹೊಟ್ಟೆಯೊಳಗೆ ಅಷ್ಟೇ ಗಾತ್ರದ್ದು ಎದ್ದರೆ ಯಾವ ಸುಳಿವೂ ಇರುವುದಿಲ್ಲ. ಅದು ಬೆಳೆದು ದಾರಿ ಕಟ್ಟಿದಾಗ, ರಕ್ತ ಸೋರಿದಾಗ ಮಾತ್ರ ಗೊತ್ತಾಗುತ್ತದೆ. ಅಂದರೆ ನೋವು ಹೇಳುವ ತನಕ ಕಾಯುವುದೆಂದರೆ ತಡವಾಗುವ ತನಕ ಕಾಯುವುದು. ಅದಕ್ಕೂ ಮೊದಲು ತಿಳಿಯಬೇಕಾದರೆ ಒಳಗೆ ಇಣುಕಿ ನೋಡಬೇಕು.

ನಮ್ಮ ರೈತರಿಗೆ ಇದು ಹೊಸ ಮಾತಲ್ಲ. ನಮ್ಮದು ತೊಗರಿಯ ನಾಡು. ಕಾಯಿಕೊರಕ ಬಿದ್ದಿದೆಯೋ ಇಲ್ಲವೋ ಎಂದು ರಾಶಿ ಮಾಡುವ ಹೊತ್ತಿಗೆ ನೋಡಿದರೆ ಏನು ಉಪಯೋಗ? ಹೂವು ಬಿಡುವಾಗಲೇ ಹೊಲದಲ್ಲಿ ಅಡ್ಡಾಡಿ, ಗಿಡದ ಕೆಳಗೆ ಬಟ್ಟೆ ಹಾಸಿ ಗಿಡ ಅಲುಗಾಡಿಸಿ, ಎಷ್ಟು ಕೀಡಿ ಉದುರಿದವು ಎಂದು ಎಣಿಸುತ್ತೇವೆ. ಗಿಡ ಕಿತ್ತು ನೋಡುವುದಿಲ್ಲ. ವಾರ ಬಿಟ್ಟು ಅದೇ ಸಾಲಿಗೆ ಮತ್ತೆ ಹೋಗಿ ನೋಡುತ್ತೇವೆ. ಹೊಟ್ಟೆಯ ಕ್ಯಾನ್ಸರಿನ ವಿಜ್ಞಾನ ಈ ಬುದ್ಧಿಯನ್ನು ಕಲಿಯಲು ಸುಮಾರು ಅರವತ್ತು ವರ್ಷ ತೆಗೆದುಕೊಂಡಿತು. ಮೊದಲು ಗಿಡ ಕಿತ್ತು ನೋಡುತ್ತಿತ್ತು. ನಂತರ ಅಲುಗಾಡಿಸಿ ನೋಡುವುದನ್ನು ಕಲಿಯಿತು.

ಗಿಡ ಕಿತ್ತು ನೋಡಿದ ಕಥೆ ಡೆನ್ಮಾರ್ಕ್ ದೇಶದ್ದು. 1907ರಲ್ಲಿ ಯೊಹಾನೆಸ್ ಫಿಬಿಗರ್ ಎಂಬ ವಿಜ್ಞಾನಿ ಬೇರೆ ಯಾವುದೋ ಪ್ರಯೋಗಕ್ಕೆ ಇಲಿಗಳನ್ನು ಕೊಯ್ದಾಗ ಮೂರು ಇಲಿಗಳ ಹೊಟ್ಟೆಯಲ್ಲಿ ಗಡ್ಡೆ ಕಂಡರು. ಗಡ್ಡೆಯಲ್ಲಿ ಸಣ್ಣ ಹುಳು ಇತ್ತು. ಆ ಹುಳು ಜಿರಲೆಯಿಂದ ಇಲಿಗೆ ಬರುತ್ತದೆ ಎಂದು ಪತ್ತೆ ಹಚ್ಚಿ, ಕೋಪನ್‌ಹೇಗನ್ನಿನ ಒಂದು ಸಕ್ಕರೆ ಕಾರ್ಖಾನೆಯ ಇಲಿ, ಜಿರಲೆಗಳನ್ನು ಹಿಡಿದು ತಂದು ಪ್ರಯೋಗ ಮಾಡಿದರು. ಹುಳು ಹೊತ್ತ ಜಿರಲೆ ತಿಂದ ಇಲಿಗಳಲ್ಲಿ ಗಡ್ಡೆ ಎದ್ದವು. ಹುಳುವೇ ಕ್ಯಾನ್ಸರಿಗೆ ಕಾರಣ ಎಂದು 1913ರಲ್ಲಿ ಪ್ರಕಟಿಸಿದರು. ಅದಕ್ಕಾಗಿ 1926ರ ನೊಬೆಲ್ ಪ್ರಶಸ್ತಿಯೂ ಬಂತು.

ಆದರೆ ಆ ತೀರ್ಮಾನ ನಿಲ್ಲಲಿಲ್ಲ. ಆ ಇಲಿಗಳಿಗೆ ಹಾಕುತ್ತಿದ್ದ ಆಹಾರ ಹೆಚ್ಚಾಗಿ ಬಿಳಿ ಬ್ರೆಡ್ಡು ಮತ್ತು ನೀರು. ಅದರಲ್ಲಿ ಎ ಜೀವಸತ್ವ ಇರಲಿಲ್ಲ. 1952ರಲ್ಲಿ ಅಮೆರಿಕದ ಸಂಶೋಧಕರು ಅದೇ ಪ್ರಯೋಗವನ್ನು ಮತ್ತೆ ಮಾಡಿ, ಜೀವಸತ್ವದ ಕೊರತೆ ಮತ್ತು ಹುಳುವಿನ ಕೆರಳಿಕೆ ಸೇರಿ ಹೊಟ್ಟೆಯ ಒಳಪದರ ದಪ್ಪಗಾಗುತ್ತದೆ, ಅದು ನಿಜವಾದ ಕ್ಯಾನ್ಸರ್ ಅಲ್ಲ ಎಂದು ತೋರಿಸಿದರು. ಇನ್ನೊಂದು ಅಂಶವೂ ಇತ್ತು. ಇಲಿಯ ಹೊಟ್ಟೆಗೆ ಎರಡು ಭಾಗ. ಮುಂದಿನ ಭಾಗ ತಿಂದದ್ದನ್ನು ಕೂಡಿಡುವ ಉಗ್ರಾಣ ಇದ್ದ ಹಾಗೆ, ಹಿಂದಿನ ಭಾಗ ಜೀರ್ಣರಸ ಸುರಿಸುವ ಗ್ರಂಥಿಗಳದ್ದು. ಮನುಷ್ಯನಿಗೆ ಆ ಉಗ್ರಾಣವೇ ಇಲ್ಲ. ಫಿಬಿಗರ್ ಕಂಡ ಗಡ್ಡೆಗಳು ಇದ್ದದ್ದು ಉಗ್ರಾಣದಲ್ಲಿ. ಮಕ್ಕಳೇ, ನೊಬೆಲ್ ಬಂದ ಮಾತನ್ನೂ ಇನ್ನೊಬ್ಬರು ಮತ್ತೆ ಮಾಡಿ ನೋಡಬಹುದು, ಸುಳ್ಳಾದರೆ ಸುಳ್ಳು ಎನ್ನಬಹುದು. ವಿಜ್ಞಾನದ ದೊಡ್ಡ ಶಕ್ತಿ ಇರುವುದು ಇಲ್ಲಿಯೇ.

ಅದೇ ಕಾಲದಲ್ಲಿ, 1915ರಲ್ಲಿ, ಜಪಾನಿನ ಯಮಗಿವಾ ಮತ್ತು ಇಚಿಕಾವಾ ಎಂಬಿಬ್ಬರು ಮೊಲದ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲಿನ ಡಾಂಬರು ಹಚ್ಚಿ ನಿಜವಾದ ಕ್ಯಾನ್ಸರ್ ಬರುವುದನ್ನು ತೋರಿಸಿದ್ದರು. ರಾಸಾಯನಿಕ ವಸ್ತುವಿನಿಂದ ಕ್ಯಾನ್ಸರ್ ಬರಬಹುದು ಎಂಬುದಕ್ಕೆ ಅದು ಗಟ್ಟಿ ಪುರಾವೆ. ಅವರಿಗೆ ನೊಬೆಲ್ ಸಿಗಲಿಲ್ಲ, ಆದರೆ ದಾರಿ ಅವರದೇ ಸರಿಯಾಗಿತ್ತು. ಆ ದಾರಿಯಲ್ಲೇ ನಡೆದು 1967ರಲ್ಲಿ ಟೋಕಿಯೋದ ತಕಾಶಿ ಸುಗಿಮುರಾ ಅವರು ಎಂಎನ್‌ಎನ್‌ಜಿ ಎಂದು ಚಿಕ್ಕದಾಗಿ ಕರೆಯುವ ರಾಸಾಯನಿಕವನ್ನು ಇಲಿಗಳ ಕುಡಿಯುವ ನೀರಿನಲ್ಲಿ ಬೆರೆಸಿದರು. ಈ ಸಲ ಕ್ಯಾನ್ಸರ್ ಎದ್ದದ್ದು ಗ್ರಂಥಿಗಳಿರುವ ಭಾಗದಲ್ಲಿ, ಮನುಷ್ಯನಿಗೆ ಬರುವ ಹಾಗೆಯೇ. ಹೊಟ್ಟೆಯ ಕ್ಯಾನ್ಸರನ್ನು ಪ್ರಯೋಗಶಾಲೆಯಲ್ಲಿ ನಂಬಿಕೆಯಿಂದ ಅಭ್ಯಾಸ ಮಾಡಲು ಮೊದಲ ಬಾರಿಗೆ ಸಾಧ್ಯವಾಯಿತು.

ಆದರೂ ಒಂದು ಕೊರತೆ ಉಳಿದಿತ್ತು. ಇಲಿಯ ಹೊಟ್ಟೆಯೊಳಗೆ ಏನಾಗಿದೆ ಎಂದು ತಿಳಿಯಲು ಅದನ್ನು ಕೊಂದು ಕೊಯ್ಯಬೇಕು. ಇವತ್ತು ಕೊಯ್ದ ಇಲಿ ನಾಳೆ ಏನಾಗುತ್ತಿತ್ತು ಎಂದು ತಿಳಿಯುವುದಿಲ್ಲ. ಹಣ್ಣಾದ ಮೇಲೆ ಹೀಚು ಹೇಗಿತ್ತು ಎಂದು ಊಹಿಸಿದ ಹಾಗೆ. ಕ್ಯಾನ್ಸರಿನ ಆರಂಭ ಹೇಗಿರುತ್ತದೆ, ಸಣ್ಣ ಕೆಂಪು ಕಲೆಯೋ, ತಗ್ಗೋ, ಉಬ್ಬೋ, ಅದು ಎಷ್ಟು ದಿನಕ್ಕೆ ಬೆಳೆಯುತ್ತದೆ, ಇದನ್ನೆಲ್ಲ ಹೇಳಬೇಕಾದರೆ ಒಂದೇ ಹೊಟ್ಟೆಯನ್ನು ಮತ್ತೆ ಮತ್ತೆ ನೋಡಬೇಕು. ಜೀವ ಇರುವಾಗಲೇ ನೋಡಬೇಕು.

ಅದಕ್ಕೆ ಬೇಕಾದ ಕೊಳವೆ ಅಷ್ಟರಲ್ಲಿ ತಯಾರಾಗಿತ್ತು. 1868ರಲ್ಲಿ ಜರ್ಮನಿಯ ಕುಸ್ಮಾಲ್ ಎಂಬ ಡಾಕ್ಟರು ಕತ್ತಿ ನುಂಗುವ ಕಲಾವಿದನೊಬ್ಬನ ಗಂಟಲಲ್ಲಿ ನೆಟ್ಟನೆಯ ಲೋಹದ ಕೊಳವೆ ಇಳಿಸಿ ನೋಡಿದ್ದರು. ಕತ್ತಿ ನುಂಗಿ ರೂಢಿ ಇದ್ದವನಿಗೆ ಅದು ಸರಿ, ನಮ್ಮಂಥವರಿಗೆ ಆಗುವ ಮಾತೇ? ಕೊಳವೆ ಬಾಗಬೇಕು, ಆದರೆ ಬೆಳಕು ಬಾಗಿದ ಕೊಳವೆಯಲ್ಲಿ ಹೋಗಬೇಕು. ಬೆಳಕಿನ ವಕ್ರೀಭವನದ ಪಾಠ ಓದಿದ್ದೀರಲ್ಲ ಮಕ್ಕಳೇ, ಅದರ ಮುಂದಿನ ಹೆಜ್ಜೆಯೇ ಪೂರ್ಣ ಆಂತರಿಕ ಪ್ರತಿಫಲನ. ಕೂದಲಿನಷ್ಟು ಸಪೂರವಾದ ಗಾಜಿನ ಎಳೆಯ ಒಂದು ತುದಿಗೆ ಬಿದ್ದ ಬೆಳಕು ಹೊರಗೆ ಸೋರದೆ, ಒಳಗಿನ ಗೋಡೆಗೆ ತಾಗಿ ತಾಗಿ, ಎಳೆ ಬಾಗಿದರೂ ಇನ್ನೊಂದು ತುದಿಗೆ ಬರುತ್ತದೆ. ಅಂಥ ಸಾವಿರಾರು ಎಳೆಗಳ ಕಟ್ಟಿನಿಂದ ಚಿತ್ರವನ್ನೇ ಸಾಗಿಸಬಹುದು ಎಂದು 1954ರಲ್ಲಿ ಲಂಡನ್ನಿನಿಂದ ಪ್ರಕಟಿಸಿದವರು ಹೆರಾಲ್ಡ್ ಹಾಪ್ಕಿನ್ಸ್ ಮತ್ತು ನರಿಂದರ್ ಸಿಂಗ್ ಕಪಾನಿ. ಕಪಾನಿಯವರು ಪಂಜಾಬಿನ ಮೋಗಾ ಎಂಬ ಊರಲ್ಲಿ ಹುಟ್ಟಿದವರು.

ಆ ಬರಹವನ್ನು ಓದಿದ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಬೇಸಿಲ್ ಹಿರ್ಶೋವಿಟ್ಜ್ ಎಂಬ ಡಾಕ್ಟರು ಅದನ್ನು ಹೊಟ್ಟೆ ನೋಡುವ ಕೊಳವೆಯಾಗಿ ಮಾಡಲು ಹೊರಟರು. ಒಂದು ತೊಡಕಿತ್ತು. ಎಳೆಗಳು ಒಂದಕ್ಕೊಂದು ತಾಗಿದಲ್ಲಿ ಬೆಳಕು ಸೋರಿ ಚಿತ್ರ ಕೆಡುತ್ತಿತ್ತು. ಅದನ್ನು ಬಿಡಿಸಿದವನು ಲ್ಯಾರಿ ಕರ್ಟಿಸ್, ಆಗ ಇನ್ನೂ ಪದವಿ ಓದುತ್ತಿದ್ದ ಹುಡುಗ. ಗಾಜಿನ ಎಳೆಗೆ ಬೇರೆ ಬಗೆಯ ಗಾಜಿನದೇ ಹೊದಿಕೆ ಹಾಕಿದ. 1957ರಲ್ಲಿ ಹಿರ್ಶೋವಿಟ್ಜ್ ಆ ಕೊಳವೆಯನ್ನು ಮೊದಲು ತಾವೇ ನುಂಗಿದರು, ಆಮೇಲೆ ರೋಗಿಗೆ ಹಾಕಿದರು. ಪೈಪಿಗೆ ಹೆದರುವವರು ಈ ಮಾತನ್ನು ನೆನಪಿಡಬೇಕು. ಇದನ್ನು ಮಾಡಿದವರೇ ಮೊದಲು ನುಂಗಿದ್ದಾರೆ.

ಈಗ ಎರಡು ದಾರಿ ಕೂಡಿದವು. ಒಂದು ಕಡೆ ಹೊಟ್ಟೆಯ ಕ್ಯಾನ್ಸರ್ ಬರಿಸುವ ವಿಧಾನ, ಇನ್ನೊಂದು ಕಡೆ ಹೊಟ್ಟೆ ನೋಡುವ ಬಾಗುವ ಕೊಳವೆ. ಇಲಿಯ ಗಂಟಲಲ್ಲಿ ಮನುಷ್ಯರ ಕೊಳವೆ ಹೋಗುವುದಿಲ್ಲ. ನಾಯಿಯ ಗಂಟಲಲ್ಲಿ ಹೋಗುತ್ತದೆ. 1970ರ ಸುಮಾರಿಗೆ ಸುಗಿಮುರಾ ಮತ್ತು ಜೊತೆಗಾರರು ಅದೇ ರಾಸಾಯನಿಕದಿಂದ ನಾಯಿಗಳಲ್ಲಿ ಹೊಟ್ಟೆಯ ಕ್ಯಾನ್ಸರ್ ಬರುವುದನ್ನು ತೋರಿಸಿದರು. ಆ ನಾಯಿಗಳಿಗೆ ಅರಿವಳಿಕೆ ಕೊಟ್ಟು, ಮನುಷ್ಯರಿಗೆ ಬಳಸುವಂಥ ಎಂಡೋಸ್ಕೋಪನ್ನೇ ಇಳಿಸಿ, ಕೆಲವು ಕಾಲ ಬಿಟ್ಟು ಮತ್ತೆ ಮತ್ತೆ ಅದೇ ಜಾಗವನ್ನು ನೋಡಿದರು. ಸಂಶಯ ಬಂದಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ಚೂರು ಕಿತ್ತು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಮೊದಲು ಒಳಪದರ ಸವೆದಂತೆ ಕಾಣುವುದು, ಆಮೇಲೆ ಅದೇ ಜಾಗ ಬದಲಾಗುತ್ತ ಹೋಗುವುದು, ಕಡೆಗೆ ಕ್ಯಾನ್ಸರ್ ಎಂದು ಖಚಿತವಾಗುವುದು, ಹೀಗೆ ಬೆಳವಣಿಗೆಯ ಹಂತಗಳು ಒಂದೇ ಜೀವದಲ್ಲಿ ಕಣ್ಣಿಗೆ ಬಿದ್ದವು.

ಇದು ಜಪಾನಿನಲ್ಲಿ ಆದದ್ದು ಆಕಸ್ಮಿಕವಲ್ಲ. ಆ ದೇಶದಲ್ಲಿ ಹೊಟ್ಟೆಯ ಕ್ಯಾನ್ಸರ್ ಬಹಳ. 1950ರಲ್ಲೇ ಅಲ್ಲಿನ ಡಾಕ್ಟರು ಮತ್ತು ಒಲಿಂಪಸ್ ಕಂಪನಿಯ ಇಂಜಿನಿಯರುಗಳು ಕೂಡಿ ಹೊಟ್ಟೆಯೊಳಗೆ ಇಳಿಸುವ ಪುಟ್ಟ ಕ್ಯಾಮೆರಾ ಮಾಡಿದ್ದರು. 1962ರಲ್ಲಿ "ಆರಂಭದ ಹೊಟ್ಟೆ ಕ್ಯಾನ್ಸರ್" ಅಂದರೆ ಯಾವುದು ಎಂದು ಗೆರೆ ಎಳೆದರು. ಒಳಗಿನ ಮೊದಲ ಎರಡು ಪದರಗಳನ್ನು ದಾಟದೆ ಇರುವುದು ಆರಂಭದ್ದು. ಅದನ್ನು ಆ ಹಂತದಲ್ಲಿ ಹಿಡಿದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಐದು ವರ್ಷ ದಾಟಿ ಬದುಕುತ್ತಾರೆ. ಎಷ್ಟೋ ಸಲ ಹೊಟ್ಟೆ ಕೊಯ್ಯದೆ, ಎಂಡೋಸ್ಕೋಪಿನ ಮೂಲಕವೇ ಆ ಭಾಗವನ್ನು ಕೆತ್ತಿ ತೆಗೆಯುತ್ತಾರೆ. ನಮ್ಮ ದೊಡ್ಡಪ್ಪನಿಗೂ ಆ ಬದುಕಿಗೂ ನಡುವೆ ಇದ್ದದ್ದು ಆ ಎರಡು ಪದರಗಳ ಅಂತರ.

ಕೊಳವೆ ಸಪೂರವಾಗುತ್ತ ಬಂದ ಹಾಗೆ ಸುಂಡಿಲಿಗಳ ಸರದಿಯೂ ಬಂತು. ಜರ್ಮನಿಯ ಸಂಶೋಧಕರು 2005ರ ಹೊತ್ತಿಗೆ ಎರಡು ಮಿಲಿಮೀಟರಿನಷ್ಟು ಸಪೂರವಾದ ಎಂಡೋಸ್ಕೋಪಿನಿಂದ ಬದುಕಿರುವ ಸುಂಡಿಲಿಯ ದೊಡ್ಡ ಕರುಳನ್ನು ಸ್ಪಷ್ಟವಾಗಿ ನೋಡಿ, ಅಲ್ಲಿ ಗಡ್ಡೆ ಬೆಳೆಯುವುದನ್ನು ವಾರದಿಂದ ವಾರಕ್ಕೆ ಗುರುತು ಹಾಕಿಕೊಂಡರು. ಹೊಟ್ಟೆ ಇದಕ್ಕಿಂತ ಕಷ್ಟ. ಮೊದಲು ಆ ಉಗ್ರಾಣ ದಾಟಬೇಕು. ಹೊಟ್ಟೆ ಖಾಲಿ ಇರಬೇಕು, ಆದರೆ ಇಲಿಗಳನ್ನು ಉಪವಾಸ ಇಟ್ಟರೆ ತಮ್ಮ ಹಿಕ್ಕೆಯನ್ನೇ ತಿನ್ನುತ್ತವೆ, ಅದಕ್ಕೆ ತಂತಿ ಜಾಲರಿಯ ನೆಲವಿರುವ ಪಂಜರ ಬೇಕು. ಅರಿವಳಿಕೆ ಸ್ವಲ್ಪ ಹೆಚ್ಚಾದರೂ ಆ ಪುಟ್ಟ ಜೀವ ತಡೆಯುವುದಿಲ್ಲ. ಹೊಟ್ಟೆ ಅರಳಿಸಲು ಗಾಳಿ ಊದಬೇಕು, ಅದೂ ಹದವಾಗಿ. ಮೂಗುತಿ ಮಾಡುವ ಅಕ್ಕಸಾಲಿಗನ ಕೈ ಬೇಕಾಗುವ ಕೆಲಸ ಇದು.

ಇಷ್ಟೆಲ್ಲ ಯಾಕೆ ಮಾಡಬೇಕು, ಕೊಯ್ದು ನೋಡಿದರೆ ಸುಲಭವಲ್ಲವೇ ಎಂದು ಕೇಳಬಹುದು. ಸಣ್ಣ ಲೆಕ್ಕ ಹಾಕೋಣ. ಒಂದು ಔಷಧ ಗಡ್ಡೆಯನ್ನು ತಡೆಯುತ್ತದೆಯೇ ಎಂದು ನಾಲ್ಕು ಹಂತಗಳಲ್ಲಿ ನೋಡಬೇಕು, ಪ್ರತಿ ಹಂತಕ್ಕೆ ಹತ್ತು ಇಲಿ ಬೇಕು ಅಂದುಕೊಳ್ಳಿ. ಕೊಯ್ದು ನೋಡಿದರೆ ನಲವತ್ತು ಇಲಿ ಸಾಯಬೇಕು. ಎಂಡೋಸ್ಕೋಪಿಯಿಂದ ನೋಡಿದರೆ ಅದೇ ಹತ್ತು ಇಲಿಗಳನ್ನು ನಾಲ್ಕು ಸಲ ನೋಡಿದರಾಯಿತು. ಉತ್ತರವೂ ಹೆಚ್ಚು ನಂಬಿಕೆಯದು, ಏಕೆಂದರೆ ಹಿಂದಿನ ಇಲಿಯನ್ನು ಬೇರೆ ಇಲಿಯ ಜೊತೆ ಹೋಲಿಸುತ್ತಿಲ್ಲ, ಅದರ ಜೊತೆಯೇ ಹೋಲಿಸುತ್ತಿದ್ದೇವೆ. ಗಡ್ಡೆ ಅತಿಯಾಗಿ ಬೆಳೆದು ಪ್ರಾಣಿ ನರಳುವ ಮೊದಲೇ ಪ್ರಯೋಗ ನಿಲ್ಲಿಸಲೂಬಹುದು.

1959ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬಿಬ್ಬರು ಪ್ರಾಣಿ ಪ್ರಯೋಗಕ್ಕೆ ಮೂರು ನಿಯಮ ಹೇಳಿದರು. ಪ್ರಾಣಿ ಇಲ್ಲದೆ ಆಗುವುದಿದ್ದರೆ ಪ್ರಾಣಿ ಬಳಸಬೇಡಿ. ಬಳಸಲೇಬೇಕಾದರೆ ಕಡಿಮೆ ಬಳಸಿ. ಬಳಸುವಾಗ ನೋವು ಕಡಿಮೆ ಮಾಡಿ. ಎಂಡೋಸ್ಕೋಪಿ ಎರಡನೆಯದನ್ನೂ ಮೂರನೆಯದನ್ನೂ ಒಟ್ಟಿಗೆ ಪಾಲಿಸುತ್ತದೆ.

ಇಲ್ಲಿ ಕುಳಿತ ಹಿರಿಯರ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಇರಲೇಬೇಕು. ಆರೋಗ್ಯವಾಗಿದ್ದ ನಾಯಿಗೆ ಬೇಕೆಂದೇ ಕ್ಯಾನ್ಸರ್ ಬರಿಸುವುದು ಪಾಪವಲ್ಲವೇ? ಹತ್ತಿರದಲ್ಲೇ ಮಳಖೇಡ ಇದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಆ ನೆಲದಲ್ಲಿ ಅಹಿಂಸೆಯೇ ಧರ್ಮ ಎಂದ ಜೈನ ಮುನಿಗಳು ಬಾಳಿದರು. ಬೀದರ್ ಕಡೆ ಹೋದರೆ ದಯೆಯನ್ನು ಧರ್ಮದ ಬೇರು ಮಾಡಿದ ಶರಣರ ಕಲ್ಯಾಣ. ಈ ನೆಲದ ಮಕ್ಕಳು ಈ ಪ್ರಶ್ನೆ ಕೇಳದೆ ಇರಲಾಗದು, ಕೇಳಬೇಕು ಕೂಡ. ನನ್ನ ಉತ್ತರ ಇಷ್ಟೇ. ಇದು ಸುಲಭವಾಗಿ ಸಮರ್ಥಿಸಿಕೊಂಡು ಮರೆಯುವ ಕೆಲಸವಲ್ಲ. ಅದು ಸಾಲ. ಆ ಸಾಲ ತೀರುವುದು ಆ ಪ್ರಾಣಿಗಳಿಂದ ತಿಳಿದದ್ದನ್ನು ನಾವು ಉಪಯೋಗಿಸಿದಾಗ ಮಾತ್ರ. ತಿಳಿವು ಇದ್ದೂ ಉಪಯೋಗಿಸದೆ ಎಂಟು ತಿಂಗಳು ಸುಮ್ಮನಿದ್ದರೆ ಆ ಜೀವಗಳೂ ಹೋದವು, ಮನುಷ್ಯನೂ ಹೋದ.

ನಮ್ಮ ದೇಶದ ಕಾನೂನೂ ಈ ಪ್ರಶ್ನೆಯನ್ನು ಕೇಳುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಪ್ರಯೋಗವನ್ನು ನಿಷೇಧಿಸಿಲ್ಲ, ಆದರೆ ಕಟ್ಟು ಹಾಕಿದೆ. ಪಾಠ ಹೇಳಲು ಪುಸ್ತಕ, ಮಾದರಿ, ಚಲನಚಿತ್ರ ಸಾಕಾದರೆ ಪ್ರಾಣಿ ಬೇಡ ಎನ್ನುತ್ತದೆ. ಸಣ್ಣ ಪ್ರಾಣಿಯಿಂದ ಆಗುವುದಾದರೆ ದೊಡ್ಡ ಪ್ರಾಣಿ ಬೇಡ ಎನ್ನುತ್ತದೆ. ಈಗ ಪ್ರಯೋಗ ನಡೆಸುವ ಪ್ರತಿ ಸಂಸ್ಥೆಯಲ್ಲೂ ಪ್ರಾಣಿಗಳ ನೈತಿಕ ಸಮಿತಿ ಇರಬೇಕು. ಅದರಲ್ಲಿ ಹೊರಗಿನ ವಿಜ್ಞಾನಿ ಇರಬೇಕು, ವಿಜ್ಞಾನಿಯೇ ಅಲ್ಲದ, ಸಮಾಜದ ಕಾಳಜಿ ಇರುವ ಒಬ್ಬ ವ್ಯಕ್ತಿಯೂ ಇರಬೇಕು. ಸೇಡಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ತಾಂಡೂರು, ವಿಕಾರಾಬಾದ್ ದಾಟಿದರೆ ಹೈದರಾಬಾದ್. ಅಲ್ಲಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದೇಶದ ಪ್ರಯೋಗಶಾಲೆಗಳಿಗೆ ಬೇಕಾದ ಪ್ರಾಣಿಗಳನ್ನು ಶಾಸ್ತ್ರೀಯವಾಗಿ ಸಾಕಿ ಒದಗಿಸುವ ಕೇಂದ್ರವನ್ನು ಬಹುಕಾಲ ನಡೆಸಿತು. ಮಕ್ಕಳಲ್ಲಿ ಯಾರಾದರೂ ಪಶುವೈದ್ಯರಾಗುವುದಿದ್ದರೆ, ಆ ಪ್ರಾಣಿಗಳ ನೋವನ್ನು ಕಡಿಮೆ ಮಾಡುವುದು ಕೂಡ ನಿಮ್ಮ ಮುಂದಿರುವ ಒಂದು ಕೆಲಸ.

ಪ್ರಾಣಿ ಎಲ್ಲ ಸಲವೂ ಮನುಷ್ಯನ ಬದಲಿಗೆ ನಿಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ಡಾಕ್ಟರುಗಳು ಹೊಟ್ಟೆಯ ಉರಿಯೂತ, ಹುಣ್ಣುಗಳ ಹಿಂದೆ ಒಂದು ಬ್ಯಾಕ್ಟೀರಿಯಾ ಇದೆ ಎಂದರು. ಅದರ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಮಾರ್ಷಲ್ ಹಂದಿಗಳಲ್ಲಿ ಪ್ರಯತ್ನಿಸಿದರೆ ಸೋಂಕು ಹತ್ತಲಿಲ್ಲ. 1984ರಲ್ಲಿ ತಾವೇ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವ ಕುಡಿದರು. ಕೆಲ ದಿನಗಳಲ್ಲಿ ವಾಂತಿ ಶುರುವಾಯಿತು, ಎಂಡೋಸ್ಕೋಪಿ ಮಾಡಿದಾಗ ಹೊಟ್ಟೆಯ ಒಳಪದರ ಉರಿದುಕೊಂಡಿತ್ತು. ನೀವು ಯಾರೂ ಹಾಗೆ ಮಾಡಬೇಡಿ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಈ ಬ್ಯಾಕ್ಟೀರಿಯಾವನ್ನು ಕ್ಯಾನ್ಸರ್‌ಕಾರಕ ಎಂದು ಸಾರಿತು. 1998ರಲ್ಲಿ ಜಪಾನಿನವರು ಮಂಗೋಲಿಯಾದ ಜರ್ಬಿಲ್ ಎಂಬ ಇಲಿಯಂಥ ಪ್ರಾಣಿಯಲ್ಲಿ ಬರೀ ಈ ಸೋಂಕಿನಿಂದಲೇ ಹೊಟ್ಟೆಯ ಕ್ಯಾನ್ಸರ್ ಬರುವುದನ್ನು ತೋರಿಸಿದರು. 2005ರಲ್ಲಿ ವಾರೆನ್ ಮತ್ತು ಮಾರ್ಷಲ್‌ಗೆ ನೊಬೆಲ್ ಬಂತು. ಇವತ್ತು ಈ ಸೋಂಕನ್ನು ಪರೀಕ್ಷಿಸಿ, ಒಂದೆರಡು ವಾರಗಳ ಗುಳಿಗೆಯಲ್ಲಿ ಕಳೆಯುತ್ತಾರೆ. ಗುಳಿಗೆಯನ್ನು ಅರ್ಧಕ್ಕೆ ಬಿಡಬಾರದು, ಅಷ್ಟೇ.

ನಮ್ಮ ಅಡುಗೆಮನೆಗೆ ಹತ್ತಿರದ ಪ್ರಯೋಗಗಳೂ ಇವೆ. 1975ರಲ್ಲಿ ಜಪಾನಿನಲ್ಲಿ ಇಲಿಗಳಿಗೆ ಕ್ಯಾನ್ಸರ್‌ಕಾರಕದ ಜೊತೆ ಹೆಚ್ಚು ಉಪ್ಪು ಕೊಟ್ಟಾಗ ಗಡ್ಡೆಗಳು ಹೆಚ್ಚಾದವು. ನಮ್ಮ ದೇಶದಲ್ಲಿ ಹೊಟ್ಟೆಯ ಕ್ಯಾನ್ಸರ್ ಅತಿ ಹೆಚ್ಚು ಇರುವ ರಾಜ್ಯ ಮಿಜೋರಾಂ. ಹೊಗೆಯಲ್ಲಿ ಒಣಗಿಸಿದ ಮಾಂಸ, ಉಪ್ಪು, ತಂಬಾಕು ಇವುಗಳ ಕಡೆ ಅಲ್ಲಿನ ಸಂಶೋಧಕರು ಬೆರಳು ತೋರಿಸಿದ್ದಾರೆ. ತಮಿಳುನಾಡಿನ ಚಿದಂಬರಂನಲ್ಲಿರುವ ಅಣ್ಣಾಮಲೈ ವಿಶ್ವವಿದ್ಯಾಲಯದವರು ಅದೇ ಎಂಎನ್‌ಎನ್‌ಜಿಯಿಂದ ಇಲಿಗಳಲ್ಲಿ ಹೊಟ್ಟೆಯ ಕ್ಯಾನ್ಸರ್ ಬರಿಸಿ, ಬೇವಿನ ಎಲೆಯ ಸಾರ ಕೊಟ್ಟಾಗ ಗಡ್ಡೆ ಕಡಿಮೆಯಾಗುವುದನ್ನು ಕಂಡರು. ಈ ಸುದ್ದಿ ಕೇಳಿ ನಾಳೆಯಿಂದ ಬೇವು ಅರೆದು ಕುಡಿದರೆ ಕ್ಯಾನ್ಸರ್ ಹೋಗುತ್ತದೆ ಎಂದು ವಾಟ್ಸಾಪಿನಲ್ಲಿ ಹಾಕಬೇಡಿ. ಇಲಿಯಲ್ಲಿ ಬರದಂತೆ ತಡೆದದ್ದು ಬೇರೆ, ಮನುಷ್ಯನಿಗೆ ಬಂದದ್ದನ್ನು ವಾಸಿ ಮಾಡುವುದು ಬೇರೆ. ಯುಗಾದಿಗೆ ಬೇವು ತಿನ್ನೋಣ. ಹೊಟ್ಟೆ ಕೆಟ್ಟರೆ ಡಾಕ್ಟರ ಹತ್ತಿರ ಹೋಗೋಣ.

ಈಗ ನನ್ನ ಕೆಲಸದ ಎರಡು ಮಾತು. ಡಾಕ್ಟರು ನೋಡುವ ಚಿತ್ರವನ್ನು ಕಂಪ್ಯೂಟರೂ ನೋಡಿ "ಇಲ್ಲಿ ಸಂಶಯ ಇದೆ" ಎಂದು ಗುರುತು ಹಾಕಬಹುದೇ? 2018ರಲ್ಲಿ ಜಪಾನಿನ ಒಂದು ತಂಡ 13,584 ಚಿತ್ರಗಳನ್ನು ತೋರಿಸಿ ಕಂಪ್ಯೂಟರಿಗೆ ಕಲಿಸಿತು. ಆಮೇಲೆ 2,296 ಹೊಸ ಚಿತ್ರ ಕೊಟ್ಟು ಪರೀಕ್ಷೆ ಮಾಡಿತು. 47 ಸೆಕೆಂಡಿನಲ್ಲಿ ಅದು ಎಲ್ಲವನ್ನೂ ನೋಡಿ ಮುಗಿಸಿ 77 ಕ್ಯಾನ್ಸರ್ ಗಾಯಗಳಲ್ಲಿ 71ನ್ನು ಹಿಡಿಯಿತು. ಇಷ್ಟು ಕೇಳಿದರೆ ಚಪ್ಪಾಳೆ ಹೊಡೆಯಬೇಕು ಅನಿಸುತ್ತದೆ. ಉಳಿದದ್ದನ್ನೂ ಕೇಳಿ. ಕ್ಯಾನ್ಸರ್ ಅಲ್ಲದ 161 ಜಾಗಗಳನ್ನೂ ಅದು ಕ್ಯಾನ್ಸರ್ ಎಂದಿತು. ಅಂದರೆ ಅದು ಬೆರಳು ತೋರಿಸಿದ ಹತ್ತರಲ್ಲಿ ಮೂರು ಮಾತ್ರ ನಿಜ. ತಪ್ಪಿಸಿಕೊಂಡ ಆರರಲ್ಲಿ ಐದು, 5 ಮಿಲಿಮೀಟರ್ ಅಥವಾ ಅದಕ್ಕಿಂತ ಚಿಕ್ಕವು. ಆದ್ದರಿಂದ ಯಂತ್ರ ಡಾಕ್ಟರ ಪಕ್ಕದಲ್ಲಿ ನಿಲ್ಲುವ ಸಹಾಯಕನಾಗಬಹುದು, ಡಾಕ್ಟರ ಜಾಗದಲ್ಲಿ ಕೂರುವಂತಿಲ್ಲ. ಕೊನೆಯ ತೀರ್ಪು ಇಂದಿಗೂ ಆ ಅಕ್ಕಿಕಾಳಿಗಿಂತ ಚಿಕ್ಕ ಚೂರಿನದು, ಸೂಕ್ಷ್ಮದರ್ಶಕದ್ದು. ಮತ್ತು ಎಷ್ಟೇ ಜಾಣ ಕಂಪ್ಯೂಟರ್ ಬಂದರೂ, ಎಂಡೋಸ್ಕೋಪಿಗೆ ಬಾರದ ಮನುಷ್ಯನ ಹೊಟ್ಟೆಯನ್ನು ಅದು ನೋಡಲಾರದು.

ಆದ್ದರಿಂದ ಊರಿನವರಿಗೆ ನನ್ನ ವಿನಂತಿ. ಗ್ಯಾಸ್ ಆದವರೆಲ್ಲ ಪೈಪ್ ನುಂಗಬೇಕಿಲ್ಲ. ಆದರೆ ನಡುವಯಸ್ಸು ದಾಟಿದ ಮೇಲೆ ಹೊಸದಾಗಿ ಶುರುವಾದ ಹೊಟ್ಟೆಯ ತೊಂದರೆ ವಾರಗಟ್ಟಲೆ ಹೋಗದಿದ್ದರೆ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾದರೆ, ಕಾರಣವಿಲ್ಲದೆ ಮೈ ಇಳಿದರೆ, ನುಂಗಲು ಕಷ್ಟವಾದರೆ, ಮಲ ಡಾಂಬರಿನಂತೆ ಕಪ್ಪಗಾದರೆ, ವಾಂತಿಯಲ್ಲಿ ರಕ್ತ ಬಂದರೆ, ರಕ್ತ ಕಡಿಮೆಯಾಗಿ ಸುಸ್ತಾಗುತ್ತಿದ್ದರೆ, ಗುಳಿಗೆ ಅಂಗಡಿಗೆ ಹೋಗಬೇಡಿ, ಡಾಕ್ಟರ ಹತ್ತಿರ ಹೋಗಿ. ತಾಯಂದಿರಿಗೆ ವಿಶೇಷವಾಗಿ ಹೇಳುತ್ತೇನೆ. ಮನೆಯಲ್ಲಿ ಎಲ್ಲರ ಊಟ ಆದ ಮೇಲೆ ಉಣ್ಣುವವರು ನೀವು. ನಿಮ್ಮ ತಾಟಿನಲ್ಲಿ ರೊಟ್ಟಿ ಉಳಿದರೆ ಯಾರೂ ನೋಡುವುದಿಲ್ಲ. ನಿಮ್ಮ ಹಸಿವು ಸತ್ತರೆ ನೀವೇ ಬಾಯಿಬಿಟ್ಟು ಹೇಳಬೇಕು.

ಎಂಡೋಸ್ಕೋಪಿ ಅಂದರೆ ಏನು ಮಾಡುತ್ತಾರೆ ಎಂಬುದನ್ನೂ ಹೇಳಿಬಿಡುತ್ತೇನೆ, ಅರ್ಧ ಹೆದರಿಕೆ ಅದರಲ್ಲೇ ಹೋಗುತ್ತದೆ. ರಾತ್ರಿ ಊಟವಾದ ಮೇಲೆ ಬೆಳಿಗ್ಗೆಯ ತನಕ ಏನೂ ತಿನ್ನಬಾರದು. ಗಂಟಲು ಮರಗಟ್ಟುವ ಔಷಧ ಸಿಂಪಡಿಸುತ್ತಾರೆ. ಎಡ ಮಗ್ಗುಲಿಗೆ ಮಲಗಿಸುತ್ತಾರೆ. ಕೊಳವೆ ಕಿರುಬೆರಳಿನಷ್ಟು ದಪ್ಪ ಇರುತ್ತದೆ. ಸ್ವಲ್ಪ ಓಕರಿಕೆ ಬರುತ್ತದೆ, ನಿಧಾನ ಉಸಿರಾಡಬೇಕು, ಉಸಿರು ಕಟ್ಟುವುದಿಲ್ಲ. ಐದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಚೂರು ತೆಗೆದರೂ ನೋವಾಗುವುದಿಲ್ಲ. ತೀರಾ ಹೆದರುವವರಿಗೆ ಮಂಪರಿನ ಇಂಜೆಕ್ಷನ್ ಕೊಟ್ಟೂ ಮಾಡುತ್ತಾರೆ. ಇದಕ್ಕಾಗಿ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗಬೇಕೆಂದಿಲ್ಲ, ಕಲಬುರಗಿಯ ಆಸ್ಪತ್ರೆಗಳಲ್ಲೇ ಮಾಡುತ್ತಾರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರವೂ ಕಲಬುರಗಿಯಲ್ಲಿದೆ.

ಕೊನೆಯದಾಗಿ ಮಕ್ಕಳಿಗೆ. ಈ ಕಥೆಯಲ್ಲಿ ಡಾಕ್ಟರು ಇದ್ದರು, ಗಾಜು ಎಳೆದ ವಿದ್ಯಾರ್ಥಿ ಇದ್ದ, ಬೆಳಕಿನ ಪಾಠ ಬಲ್ಲ ಪಂಜಾಬಿನವರು ಇದ್ದರು, ಕ್ಯಾಮೆರಾ ಮಾಡಿದ ಇಂಜಿನಿಯರುಗಳು ಇದ್ದರು, ಹಿಂದಿನವರ ತಪ್ಪನ್ನು ಪರೀಕ್ಷಿಸಿ ಹೇಳಿದವರು ಇದ್ದರು. ಮಾತಾಡಲಾರದ ನಾಯಿ, ಇಲಿಗಳೂ ಇದ್ದವು. ಐವತ್ತು ವರ್ಷಗಳಿಂದ ಈ ಶಾಲೆಯ ಗುರುಗಳು ನಮಗೆ ಹೇಳಿಕೊಟ್ಟದ್ದೂ ನೋಡುವುದನ್ನೇ. ಕೇಳಿದ್ದನ್ನು ನಂಬಬೇಡ, ಹತ್ತಿರ ಹೋಗಿ ನೋಡು, ಒಮ್ಮೆ ನೋಡಿದ್ದು ಸಾಲದಿದ್ದರೆ ಮತ್ತೆ ನೋಡು ಎಂದರು. ನೀವು ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಊಟಕ್ಕೆ ಕೂತಾಗ ಅಜ್ಜ, ಅಮ್ಮ, ಅಪ್ಪ, ಅವ್ವ ಇವರ ತಾಟಿನ ಕಡೆ ನೋಡಿ. ಎಷ್ಟು ದಿನದಿಂದ ಸರಿಯಾಗಿ ಉಂಡಿಲ್ಲ ಎಂದು ಕೇಳಿ. "ಏನಿಲ್ಲ, ಗ್ಯಾಸ್" ಅಂದರೆ ಎಷ್ಟು ದಿನದಿಂದ ಗ್ಯಾಸ್ ಎಂದು ಇನ್ನೊಂದು ಸಲ ಕೇಳಿ.